ಸೌಂಡ್ ಕಡಿಮಿ ಮಾಡು

ಬನಹಟ್ಟಿಯ ಓದುಗರ ಬಳಗಕ್ಕೆ ಆ ತಿಂಗಳು ಪುಸ್ತಕವಿರಲಿಲ್ಲ, ನಾಲ್ಕು ಫ್ರೆಂಚ್ ಸಿನಿಮಾಗಳಿದ್ದವು. ಶನಿವಾರ ಎರಡು, ರವಿವಾರ ಎರಡು, ಒಂದೊಂದು ಮುಗಿದ ಮೇಲೆ ಚಹಾ ಮತ್ತು ಚರ್ಚೆ ಎಂದು ಬಳಗದ ಹಿರಿಯಳಾದ ಶೈಲಾ ಅಕ್ಕ ಕೈಯಾರೆ ಪೋಸ್ಟರ್ ಬರೆದು ಅಂಟಿಸಿದ್ದಳು. ಗುರುವಾರ ಸಭಾಭವನದವರು ಫೋನ್ ಮಾಡಿ, ಆ ಎರಡು ದಿನ ಅಲ್ಲಿ ಸುಣ್ಣ ಬಣ್ಣದ ಕೆಲಸ ನಡೆಯುತ್ತದೆ, ಆಗುವುದಿಲ್ಲ ಎಂದರು. ಸುಣ್ಣವೂ ಇಲ್ಲ, ಬಣ್ಣವೂ ಇಲ್ಲ. ಆ ಭವನದ ಕಮಿಟಿಯಲ್ಲಿ ಕೂತ ಒಂಬತ್ತು ಜನರಲ್ಲಿ ಏಳು ಜನ ಮಗ್ಗದ ಶೆಡ್ಡಿನ ಮಾಲಕರು. ಮಗ್ಗಕ್ಕೆ ಸಿಕ್ಕಿ ಕೈ ಕಳೆದುಕೊಂಡ ನೇಕಾರ ಹೆಂಗಸು ಸೋಮವ್ವನ ಕೇಸು ದಾಖಲಿಸಿಕೊಳ್ಳಿರೆಂದು ಬಳಗದ ಎಂಟು ಜನ ಠಾಣೆಯ ಮುಂದೆ ದಿನವಿಡೀ ಕೂತಿದ್ದನ್ನು ಅವರು ಮರೆತಿರಲಿಲ್ಲ. ಮರೆಯುವಂಥ ಜನವೂ ಅಲ್ಲ.

ಶೈಲಾ ಅಕ್ಕ ಬೈದಾಡಲಿಲ್ಲ. ಸಿನಿಮಾಗಳನ್ನು ಎಂಟು ಪೆನ್ ಡ್ರೈವಿಗೆ ಹಾಕಿ ಮನೆಮನೆಗೆ ಹಂಚಿದಳು. “ಅವರ ಹಾಲ್ ಅವರ ತಲಿಮ್ಯಾಲ ಇಟಗೋಳ್ಳಿ. ನಾವು ಎಂಟು ಮನ್ಯಾಗ ಎಂಟು ಥೇಟರ್ ಮಾಡೂಣು. ಮುಂದಿನ ರವಿವಾರ ಕೂಡಿ ಮಾತಾಡೂಣು,” ಎಂದಳು.

ಹೀಗಾಗಿ ಪ್ರತಿಮಾಳ ಶನಿವಾರ, ರವಿವಾರ ಮನೆಯಲ್ಲೇ ಕಳೆಯುವಂತಾಯಿತು. ಅವಳು ಊರಿನದೇ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರಬಾಯಿ. ಮನೆಯಲ್ಲಿ ಅವಳು ಮತ್ತು ಅವ್ವ ಮಾದೇವಿ, ಇಬ್ಬರೇ. ಅಪ್ಪ ಅವಳು ಐದನೆಯ ಇಯತ್ತೆಯಲ್ಲಿ ಓದುತ್ತಿದ್ದಾಗಲೇ ತೀರಿಕೊಂಡಿದ್ದ. ಅವ್ವ ಅಂದಿನಿಂದ ಪವರ್‌ಲೂಮ್ ಮುಂದೆ ನಿಂತವಳು ಇನ್ನೂ ನಿಂತೇ ಇದ್ದಳು.

ಮನೆಯಲ್ಲೇ ಇರಬೇಕಾಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸೋಮವಾರ ಹನ್ನೊಂದು ಗಂಟೆಗೆ ಜಮಖಂಡಿ ಕೋರ್ಟಿನಲ್ಲಿ ಅವ್ವ ಸಾಕ್ಷಿ ಹೇಳಬೇಕಿತ್ತು.

ಸಂಗತಿ ಇಷ್ಟು. ಬಸವಕುಮಾರ ಸಾವಕಾರರ ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಮಗ್ಗ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಗೋಡೆ ಬದಿಯ ಮಗ್ಗವನ್ನು ತಿರುಗಿಸುವ ಪಟ್ಟಾಕ್ಕೆ ಸೋಮವ್ವನ ಸೆರಗು ಸಿಕ್ಕಿತು, ಬಿಡಿಸಲು ಹೋದ ಬಲಗೈಯನ್ನೂ ಒಳಗೆಳೆದುಕೊಂಡಿತು. ಬಾಗಿಲ ಹತ್ತಿರ ಕರೆಂಟಿನ ಮೇನ್ ಇತ್ತು, ಅದರ ಪಕ್ಕದಲ್ಲೇ ಸಾವಕಾರ ನಿಂತಿದ್ದರು. ಶಿವಾಜಿ ಎಂಬ ನೇಕಾರ ಓಡಿ ಬಂದು ಮೇನ್‌ಗೆ ಕೈ ಹಾಕಿದ. ಸಾವಕಾರ ಅವನ ಕೈ ಹಿಡಿದರು. ಮೇನ್ ಬಂದ್ ಮಾಡಿದರೆ ಇಪ್ಪತ್ತನಾಲ್ಕೂ ಮಗ್ಗದಲ್ಲಿ ಎಳೆ ಹರಿಯುತ್ತವೆ, ಬಟ್ಟೆಯಲ್ಲಿ ಪಟ್ಟಿ ಬೀಳುತ್ತದೆ, ಅದೊಂದು ಮಗ್ಗ ಮಾತ್ರ ನಿಲ್ಲಿಸು ಎಂದರು. ಶಿವಾಜಿ ಶೆಡ್ಡಿನ ಆ ತುದಿಗೆ ಓಡಿ ಆ ಮಗ್ಗ ನಿಲ್ಲಿಸುವಷ್ಟರಲ್ಲಿ ಸೋಮವ್ವನ ಕೈ ಮಣಿಕಟ್ಟಿನ ತನಕ ಹೋಗಿತ್ತು.

ಇದು ಮಾದೇವಿ ಹೇಳಿದ್ದು. ಸಾವಕಾರರು ಹೇಳುವುದೇ ಬೇರೆ. “ಮೇನ್ ಬಂದ್ ಮಾಡೋ ಅಂತ ನಾನೇ ಹೊಯ್ಕೊಂಡೆ, ಮಗ್ಗದ ಸಪ್ಪಳದೊಳಗ ಯಾರಿಗೂ ಕೇಳಲಿಲ್ಲ,” ಎನ್ನುತ್ತಾರೆ. ಶಿವಾಜಿ ಮೊದಲು ಮಾದೇವಿ ಹೇಳಿದ್ದನ್ನೇ ಹೇಳಿದ್ದ. ಹೋದ ತಾರೀಖಿಗೆ ಕೋರ್ಟಿನಲ್ಲಿ ನಿಂತು, ಗದ್ದಲದಲ್ಲಿ ಸಾವಕಾರರು ಏನೆಂದರೋ ತಿಳಿಯಲಿಲ್ಲ ಎಂದುಬಿಟ್ಟ. ಈಗ ಉಳಿದ ಸಾಕ್ಷಿ ಮಾದೇವಿ ಒಬ್ಬಳೇ. ಪೊಲೀಸರು ಬರೆದುಕೊಂಡ ಅವಳ ಹೇಳಿಕೆಯಲ್ಲಿ, “ಸದರಿ ಮಾಲೀಕರು ಮೇನ್ ಬಂದ್ ಮಾಡಬೇಡವೆಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿರುತ್ತೇನೆ” ಎಂದಿತ್ತು.

ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದು ಪ್ರತಿಮಾ ಪೆನ್ ಡ್ರೈವ್ ಟೀವಿಗೆ ಸಿಕ್ಕಿಸಿದಳು. ಟೀವಿಯ ಸ್ವಂತ ಧ್ವನಿ ಕೆಟ್ಟು ವರ್ಷವಾಗಿತ್ತು, ಅದಕ್ಕೊಂದು ಸೌಂಡ್ ಬಾಕ್ಸ್ ಜೋಡಿಸಿದ್ದರು. ಅವ್ವ ಬೆಳಗಿನ ಪಾಳಿ ಮುಗಿಸಿ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಹೇಳಿಕೆ ಕೊಟ್ಟ ಮರುವಾರವೇ ಬಸವಕುಮಾರರ ಶೆಡ್ಡಿನಿಂದ ಅವಳನ್ನು ಬಿಡಿಸಿದ್ದರು, ಈಗ ರಬಕವಿ ಕಡೆಗೆ ಇನ್ನೊಂದು ಶೆಡ್ಡಿಗೆ ಹೋಗುತ್ತಿದ್ದಳು. ಮಗ್ಗ ಬೇರೆ, ಸಪ್ಪಳ ಅದೇ.

ಫ್ರೆಂಚ್ ಸಿನಿಮಾ ಎಂಬ ಸುದ್ದಿ ಓಣಿಗೆ ಹೇಗೆ ತಿಳಿಯಿತೋ, ಎದುರುಮನೆಯ ಹಣಮವ್ವ ಕುಸುಬಿ ಆರಿಸುವ ಮೊರ ಹಿಡಿದುಕೊಂಡೇ ಒಳಗೆ ಬಂದಳು.

“ಪ್ರತಿಮವ್ವಾ, ಪರದೇಶದ ಪಿಚ್ಚರ ಅಂತಲ್ಲ. ಬಾಕಲಾ ಹಾಕ್ಲ್ಯಾ?”

“ಯಾಕ ಕಾಕು, ಬಾಕಲಾ ಯಾಕ?”

“ಏನ ತೋರಸ್ತಾರೋ ಯಾಂವ ಬಲ್ಲ. ನನಗೇನ ಆಗಬೇಕಾಗೇತಿ, ನಮ್ಮನಿಯಾಂವ ಕಟ್ಟೀಮ್ಯಾಲ ಕುಂತಾನ, ಇಣಕಿ ನೋಡಿ ಎದಿ ಒಡಕೊಂಡಾನು ಅಂತ.”

ಹಣಮವ್ವ ನಿರೀಕ್ಷಿಸಿದ್ದು ಏನೂ ಬರಲಿಲ್ಲ. ಸಮುದ್ರದಂಡೆಯ ಒಂದು ಊರು. ಅಲ್ಲೊಬ್ಬ ಹೆಂಗಸು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾಳೆ. ವಾರಕ್ಕೊಮ್ಮೆ ಒಬ್ಬ ಗಂಡಸು ಒಂದೇ ಬಿಳಿ ಅಂಗಿ ತರುತ್ತಾನೆ. ಅವಳು ಇಸ್ತ್ರಿ ಮಾಡುತ್ತಾಳೆ, ಅವನು ನಿಂತು ನೋಡುತ್ತಾನೆ.

“ಎಷ್ಟೊತ್ತಿನಿಂದ ಒಂದ ಅಂಗಿ ಇಸ್ತ್ರಿ ಮಾಡಾಕತ್ತಾಳಲ್ಲ ಇಕಿ! ನಮ್ಮ ಓಣ್ಯಾಗ ಅಂಗಡಿ ಇಟ್ಟಿದ್ರ ನಾಕ ದಿನಕ್ಕ ಬಂದ್ ಆಕ್ಕಿತ್ತು,” ಎಂದು ಹಣಮವ್ವ ಕುಸುಬಿಯ ಕಲ್ಲು ಆರಿಸಿ ಬಾಗಿಲ ಹೊರಗೆ ಎಸೆದಳು.

ಪ್ರತಿಮಾ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಪ್ರತಿ ಸಲ ಅವಳು ಬಾಯಿ ತೆರೆದಾಗ ಅವ್ವ ಟೀವಿ ಬಿಟ್ಟು ಅವಳ ಕಡೆಗೆ ತಿರುಗುತ್ತಿದ್ದಳು, ಮಾತು ಮುಗಿದ ಮೇಲೆ ಮತ್ತೆ ಟೀವಿಗೆ.

“ನನ್ನ ಮಾರಿ ಏನ ನೋಡ್ತಿ ಬೇ, ಪಿಚ್ಚರ ನೋಡು.”

“ನೀ ಹೇಳಬ್ಯಾಡ. ನನಗ ತಿಳೀತೈತಿ.”

“ಏನ ತಿಳೀತೈತಿ? ಫ್ರೆಂಚ್ ತಿಳೀತೈತೇನ ನಿನಗ?”

“ಆ ಅಂಗಿಯಾಂವ ಸುಳ್ಳ ಹೇಳಾಕತ್ತಾನ.”

ಪ್ರತಿಮಾ ತೆರೆಯತ್ತ ನೋಡಿದಳು. ಹೆಂಡತಿ ಸತ್ತು ಆರು ತಿಂಗಳಾಯಿತು, ಈ ಅಂಗಿ ಅವಳು ಕೊಡಿಸಿದ್ದು ಎಂದು ಅವನು ಹೇಳುತ್ತಿದ್ದ. ಕಣ್ಣಲ್ಲಿ ನೀರೂ ಇತ್ತು. ಸುಳ್ಳೇನೂ ಕಾಣಲಿಲ್ಲ. ಅರ್ಧ ತಾಸಿನ ನಂತರ ಆ ಹೆಂಡತಿ ಕೈಯಲ್ಲಿ ತರಕಾರಿ ಚೀಲ ಹಿಡಿದು ಗಟ್ಟಿಮುಟ್ಟಾಗಿ ಅಂಗಡಿಯ ಮುಂದೆಯೇ ಹಾದುಹೋದಳು.

“ಎಲಾ ಇವನ!” ಎಂದು ಹಣಮವ್ವ ಮೊರ ಕೆಳಗಿಟ್ಟಳು. “ಮಾದೇವಿ, ನಿನಗ ಹೆಂಗ ಗೊತ್ತಾತ?”

ಮಾದೇವಿಗೆ ಅವಳು ಮಾತಾಡಿದ್ದರ ಪರಿವೆಯೇ ಇರಲಿಲ್ಲ.

“ನೋಡ ಹೆಂಗ ಕುಂತಾಳ. ನಾವು ಮಾತಾಡಿಸಿದ್ರ ಇಕಿ ಹೊಳ್ಳಿ ನೋಡೂದುಲ್ಲ. ಮಗಳು ಮಾಸ್ತರಬಾಯಿ ಆದಾಗಿಂದ ನಿಮ್ಮವ್ವಗ ಭಾಳ ಸೊಕ್ಕ ಬಂದೈತಿ, ಪ್ರತಿಮವ್ವಾ.”

ಓಣಿಯೆಲ್ಲ ಹೀಗೇ ಅನ್ನುತ್ತಿತ್ತು. ಪ್ರತಿಮಾಳೂ ಒಳಗೊಳಗೆ ಅದನ್ನೇ ನಂಬಿದ್ದಳು. ಅಡುಗೆಮನೆಯಿಂದ ಕೂಗಿದರೆ ಅವ್ವ ಓ ಎನ್ನುತ್ತಿರಲಿಲ್ಲ. ಶಾಲೆಯ ಸುದ್ದಿ ಹೇಳುತ್ತಿದ್ದರೆ ನಡುವೆ ಎದ್ದು ಹೋಗುತ್ತಿದ್ದಳು. ಮಗಳ ಓದು, ಬಳಗ, ಸಿನಿಮಾ ಯಾವುದೂ ಅವ್ವನಿಗೆ ಬೇಕಿಲ್ಲ ಎಂದು ಪ್ರತಿಮಾ ಎಂದೋ ತೀರ್ಮಾನಿಸಿ, ಮಾತನ್ನೇ ಕಡಿಮೆ ಮಾಡಿಕೊಂಡಿದ್ದಳು.

ಎರಡನೆಯ ಸಿನಿಮಾ ಬಸ್ ಡ್ರೈವರ್ ಒಬ್ಬನದು. ಅವನು ಬಸ್ಸು ಓಡಿಸಿದ, ಓಡಿಸಿದ, ಓಡಿಸಿದ. ಹಣಮವ್ವ ಎದ್ದು ಹೋದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪ್ರತಿಮಾ ಅವ್ವನನ್ನು ಎದುರಿಗೆ ಕೂಡಿಸಿಕೊಂಡಳು. ಬಳಗದವನೇ ಆದ ವಕೀಲ ಪರಮಾನಂದ ಸೋಮವ್ವನ ಪರವಾಗಿ ಸರ್ಕಾರಿ ವಕೀಲರಿಗೆ ನೆರವಾಗುತ್ತಿದ್ದ. ಕೇಳಬಹುದಾದ ಪ್ರಶ್ನೆಗಳನ್ನು ಅವನು ಬರೆದುಕೊಟ್ಟಿದ್ದ.

“ನಾ ಸಾವಕಾರನ ವಕೀಲ ಅಂತ ತಿಳಕೋ. ನೀ ಎಲ್ಲಿ ನಿಂತಿದ್ದಿ?”

“ಬಾಗಲಿಂದ ಆರನೇ ಮಗ್ಗಕ್ಕ.”

“ಅಷ್ಟ ದೂರ, ಅಷ್ಟ ಸಪ್ಪಳದಾಗ, ಸಾವಕಾರ ಅಂದದ್ದು ನಿನಗ ಹೆಂಗ ಕೇಳ್ತು?”

ಅವ್ವ ಸೀರೆಯ ಅಂಚಿನ ಒಂದು ಎಳೆ ಜಗ್ಗುತ್ತ ಕೂತಳು.

“ಹೇಳ ಬೇ. ಇದ ಮುಖ್ಯ ಪ್ರಶ್ನಿ ಐತಿ. ಜೋರಾಗಿ ಒದರಿದ್ರು, ಕೇಳ್ತು ಅನ್ನು.”

“ನನಗ ನೆನಪಿಲ್ಲ ಅಂತೀನಿ ಬಿಡು.”

“ಏನಂದಿ?”

“ನಾಳಿಲ್ಲ ನಾಡದ ಕೋರ್ಟಿನ್ಯಾಗೂ ಅದನ್ನ ಅಂತೀನಿ. ಎರಡ ವರ್ಷಾತು, ನೆನಪಿಲ್ಲ.”

ಪ್ರತಿಮಾ ಹಾಳೆ ಕೆಳಗಿಟ್ಟಳು. ಸಾವಕಾರರ ಕಡೆಯವರು ಬಂದು ಹೋದರೇ? ಹೆದರಿಸಿದರೇ? ಕೇಳಿದಳು. ಅವ್ವ ರೊಟ್ಟಿ ಬಡಿಯಲು ಎದ್ದಳು. ಬೆನ್ನು ತಿರುಗಿಸಿದವಳಿಗೆ ಪ್ರತಿಮಾ ಬಾಯಿಗೆ ಬಂದದ್ದೆಲ್ಲ ಅಂದಳು. ಶಿವಾಜಿಗೂ ನಿನಗೂ ಏನು ಫರಕು, ಸೋಮವ್ವ ಎಡಗೈಲಿ ಉಣ್ಣುವುದನ್ನು ನೋಡಿಯೂ ನಿನಗೆ ಹೀಗೆ ಅನ್ನಲು ಮನಸ್ಸು ಹೇಗೆ ಬಂತು, ನಿನ್ನಂಥವರಿಂದಲೇ ಸಾವಕಾರರು ಸಾವಕಾರರಾಗಿದ್ದು ಎಂದಳು. ರೊಟ್ಟಿಯ ಸಪ್ಪಳ ಒಂದೇ ಹದದಲ್ಲಿ ನಡೆದಿತ್ತು. ಒಂದು ಪೆಟ್ಟೂ ತಪ್ಪಲಿಲ್ಲ.

ರವಿವಾರ ಅಮಾವಾಸ್ಯೆ. ಬನಹಟ್ಟಿಯಲ್ಲಿ ಅಮಾವಾಸ್ಯೆಗೆ ಮಗ್ಗ ನಡೆಯುವುದಿಲ್ಲ. ಮಗ್ಗ ತೊಳೆದು, ಕುಂಕುಮ ಹಚ್ಚಿ, ಊದಿನಕಡ್ಡಿ ತೋರಿಸಿ ಬಾಗಿಲು ಮುಚ್ಚುತ್ತಾರೆ. ತಿಂಗಳಿಗೊಮ್ಮೆ ಆ ಒಂದು ದಿನ ಊರಿಗೆ ಕಿವಿ ಬಂದಂತಾಗುತ್ತದೆ. ಗುಬ್ಬಿ, ಸೈಕಲ್ಲಿನ ಗಂಟೆ, ಮೂರು ಮನೆ ಆಚೆಯ ಒಗ್ಗರಣೆ, ಎಲ್ಲ ಕೇಳುತ್ತವೆ. ಉಳಿದ ದಿನ ಇಲ್ಲಿನ ಜನ ಎದುರುಬದುರು ನಿಂತು, ಗಂಟಲು ಹರಿದುಕೊಂಡು ಮಾತಾಡುವವರು. ಪರಊರಿಗೆ ಹೋದರೆ, ಜಗಳ ಯಾಕಾಡ್ತೀರಿ ಎಂದು ಕೇಳಿಸಿಕೊಳ್ಳುವವರು.

ತಾಯಿ ಮಗಳ ನಡುವೆ ಬೆಳಗಿನಿಂದ ಮಾತಿರಲಿಲ್ಲ. ಅವ್ವ ಎರೆದುಕೊಂಡು ಕೂದಲು ಆರಿಸಿಕೊಳ್ಳುತ್ತ ಕೂತಳು. ಸುಮ್ಮನೆ ಕೂತು ಮುಖ ಮುಖ ನೋಡುವುದಕ್ಕಿಂತ ವಾಸಿ ಎಂದು ಪ್ರತಿಮಾ ಮೂರನೆಯ ಸಿನಿಮಾ ಹಚ್ಚಿದಳು. ಹಳ್ಳಿಯ ಒಂದು ಶಾಲೆ, ಹಾಡು ಕಲಿಸುವ ಮಾಸ್ತರ, ಹಾಡಲು ನಾಚುವ ಒಬ್ಬ ಹುಡುಗಿ. ಅವ್ವ ನೋಡುತ್ತ ನೋಡುತ್ತ ಕೂದಲು ಮರೆತಳು.

ಅರ್ಧಕ್ಕೆ ಪ್ರತಿಮಾ ಶೇಂಗಾ ಚಟ್ನಿಗೆಂದು ಎದ್ದಳು. ಮನೆಯಲ್ಲಿದ್ದದ್ದು ಒಂದೇ ಎಕ್ಸ್‌ಟೆನ್ಶನ್ ಬೋರ್ಡು, ಅದರಲ್ಲಿ ಸರಿಯಾಗಿ ನಡೆಯುತ್ತಿದ್ದದ್ದು ಎರಡೇ ತೂತು. ಟೀವಿಯದನ್ನು ಬಿಟ್ಟು ಸೌಂಡ್ ಬಾಕ್ಸಿನ ಪಿನ್ನು ಕಿತ್ತು ಮಿಕ್ಸರಿನದನ್ನು ಹಾಕಿದಳು. ಚಟ್ನಿ ರುಬ್ಬಿ, ಪಿನ್ನು ಮತ್ತೆ ಹಾಕುವುದನ್ನು ಮರೆತು, ಬಟ್ಟಲು ಹಿಡಿದು ಬಾಗಿಲಿಗೆ ಬಂದಳು.

ತೆರೆಯ ಮೇಲೆ ಹುಡುಗಿ ಕೊನೆಗೂ ಬಾಯಿಬಿಟ್ಟು ಹಾಡುತ್ತಿದ್ದಳು. ಸಪ್ಪಳವಿಲ್ಲ. ಹೊರಗೆ ಓಣಿಯಲ್ಲೂ ಸಪ್ಪಳವಿಲ್ಲ. ಅವ್ವ ಕತ್ತು ಮುಂದೆ ಮಾಡಿ ನೋಡುತ್ತಿದ್ದಳು. ಬಾಗಿಲಲ್ಲಿ ನಿಂತ ಮಗಳ ನೆರಳು ನೆಲದ ಮೇಲೆ ಬಿದ್ದದ್ದು ಅವಳಿಗೆ ಕಂಡಿತು. ತಿರುಗದೆಯೇ ಹೇಳಿದಳು:

“ಸೌಂಡ್ ಸ್ವಲ್ಪ ಕಡಿಮಿ ಮಾಡು ತಂಗಿ. ಅಮಾಸಿ ದಿನಾ, ಬಾಜೂಕಿನವ್ರಿಗೆ ಕೇಳತೈತಿ.”

ಪ್ರತಿಮಾ ಬೋರ್ಡಿನ ಕಡೆ ನೋಡಿದಳು. ಸೌಂಡ್ ಬಾಕ್ಸಿನ ವೈರು ನೆಲದ ಮೇಲೆ ಬಿದ್ದಿತ್ತು.

ಅವ್ವ ಈ ಮಾತನ್ನು ದಿನಾಲೂ ಅನ್ನುತ್ತಿದ್ದಳು. ಟೀವಿ ಹಚ್ಚಿದ ಐದು ನಿಮಿಷಕ್ಕೆ, ಸೌಂಡ್ ಕಡಿಮಿ ಮಾಡು. ಮಗಳು ಫೋನಿನಲ್ಲಿ ಹಾಡು ಹಚ್ಚಿದರೆ, ಸೌಂಡ್ ಕಡಿಮಿ ಮಾಡು. ಎಷ್ಟು ಸೂಕ್ಷ್ಮ ಕಿವಿ ನಮ್ಮವ್ವನದು ಎಂದು ಪ್ರತಿಮಾ ಶಾಲೆಯಲ್ಲಿ ಹೇಳಿ ನಕ್ಕಿದ್ದೂ ಇತ್ತು.

“ಅವ್ವಾ,” ಎಂದಳು ಬೆನ್ನ ಹಿಂದೆ ನಿಂತು.

ಅವ್ವ ತಿರುಗಲಿಲ್ಲ.

“ಅವ್ವಾ, ಮನಿಗಿ ಬೆಂಕಿ ಹತ್ತೇತಿ.”

ಅವ್ವ ಹುಡುಗಿಯ ಹಾಡು ನೋಡುತ್ತಿದ್ದಳು.

ಪ್ರತಿಮಾ ಟೀವಿಗೂ ಅವ್ವನಿಗೂ ನಡುವೆ ಬಂದು ಕೂತಳು. ಬಟ್ಟಲು ಕೆಳಗಿಟ್ಟಳು. ಬಿದ್ದಿದ್ದ ವೈರನ್ನು ಎತ್ತಿ ತೋರಿಸಿದಳು. ಅವ್ವ ವೈರು ನೋಡಿದಳು, ಮಗಳ ಮುಖ ನೋಡಿದಳು, ಆಮೇಲೆ ಮೊಣಕಾಲ ಮೇಲಿನ ಸೀರೆ ಸರಿಮಾಡಿಕೊಂಡಳು.

“ಯಾವಾಗಿಂದ?” ಪ್ರತಿಮಾ ಕೇಳಿದಳು.

“ಎಡಗಿವಿ ನೀ ಎಂಟನೇತ್ತ್ಯಾಗ ಇದ್ದಾಗ ಹೋತು. ಬಲಗಿವಿ ಸಾವಕಾಶ ಹೋತು. ಕರೋನಾ ಬಂದು ಎಲ್ಲಾರೂ ಬಾಯಿಗೆ ಅರಿವಿ ಕಟಗೊಂಡ್ರಲ್ಲ, ಆವಾಗ ಖರೆ ಗೊತ್ತಾತು ನನಗ, ಪೂರಾ ಹೋಗೇತಿ ಅಂತ.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ಶೆಡ್ ಬಿಡಸ್ತಿದ್ದಿ. ಶೆಡ್ ಬಿಟ್ರ ನೀ ಬಿ.ಎಡ್. ಹೆಂಗ ಮಾಡ್ತಿದ್ದಿ?”

“ಬಿ.ಎಡ್. ಮುಗದು ಮೂರ ವರ್ಷಾತಲ್ಲ!”

“ಆಮ್ಯಾಲ ಹೇಳಾಕ ನಾಚಿಕಿ ಬಂತು.”

ಪ್ರತಿಮಾಳಿಗೆ ನಿನ್ನೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಬೆನ್ನ ಹಿಂದೆ ತಾನು ಆಡಿದ ಮಾತುಗಳೆಲ್ಲ ನೆನಪಾದವು. ಒಂದೂ ಅವ್ವನಿಗೆ ಮುಟ್ಟಿರಲಿಲ್ಲ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಸಂಕಟವಾಯಿತು.

“ಮತ್ತ ಸಾವಕಾರ ಅಂದದ್ದು?” ಎಂದಳು.

“ಕಂಡೀನಿ. ಬಾಯಿ ಕಂಡೀನಿ. ಶೆಡ್ಡಿನ್ಯಾಗ ಯಾರರ ಕಿವಿಲೆ ಕೇಳ್ತಾರೇನ? ಕೂಸು ಅಳಾಕತ್ತೇತಿ, ನೂಲಿನ ಕಂಡಿಕಿ ತೀರ್ಯಾವ, ಚಾ ಬಂತು, ಎಲ್ಲಾ ಬಾಯಿ ನೋಡೆ ತಿಳಕೋಳೂದು. ಪೊಲೀಸಪ್ಪ ಸಾವಕಾರ ಏನಂದಾ ಅಂತ ಕೇಳಿದಾ, ಹಿಂಗಂದಾ ಅಂದೆ. ಅಂವ ಕಿವಿಯಾರೆ ಅಂತ ಬರಕೊಂಡ. ಓದಿ ಹೇಳಿದನಂತ, ತಲಿ ಬಗ್ಗಿಸಿ ಹಾಳಿ ನೋಡಕೋತ. ನನಗೇನ ಗೊತ್ತು ಏನ ಓದಿದಾ ಅಂತ? ಹೆಬ್ಬಟ್ಟ ಒತ್ತಿದೆ.”

“ಅದಕ್ಕ ನೆನಪಿಲ್ಲ ಅಂತೀಯಾ?”

“ಮತ್ತೇನ ಅನ್ನಲಿ? ಕಿವುಡಿ ಕಿವಿಯಾರೆ ಕೇಳ್ಯಾಳ ಅಂದ್ರ ಕೋರ್ಟ ನಗತೈತಿ. ಅಂವ ಅಲ್ಲೇ ನಿಂತಿರ್ತಾನ. ಹದಿನಾರ ವರ್ಷ ಅವನ ಮಗ್ಗದ ಮುಂದ ನಿಂತ ಕಿವಿ ಕಳಕೊಂಡೀನಿ, ಅವನ ಮುಂದ ಕಿವುಡಿ ಅಂತ ನಗಸ್ಕೋಳಾಕ ನನಗ ಆಗೂದುಲ್ಲ.”

ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ ಎಂದು ಸಾವಕಾರರು ಕೋರ್ಟಿನಲ್ಲಿ ಎದೆಯುಬ್ಬಿಸಿ ಹೇಳುತ್ತಾರೆ. ಆ ಸಪ್ಪಳ ಯಾರದು, ಅದನ್ನು ದಿನಕ್ಕೆ ಹನ್ನೆರಡು ತಾಸು ಯಾರ ತಲೆಗೆ ಹಾಕಿದಿರಿ ಎಂದು ಯಾರೂ ಕೇಳುವುದಿಲ್ಲ. ಕೈ ಹೋದರೆ ಕೇಸಾದರೂ ಆಗುತ್ತದೆ, ರಕ್ತ ಕಾಣುತ್ತದೆ. ಕಿವಿ ಹೋದರೆ ಹೋದವಳೇ ಮುಚ್ಚಿಟ್ಟುಕೊಂಡು ತಿರುಗಬೇಕು. ಪ್ರತಿಮಾ ಇದನ್ನು ಬಳಗದಲ್ಲಾದರೆ ಎದ್ದು ನಿಂತು ಭಾಷಣ ಮಾಡುತ್ತಿದ್ದಳು.

ಈಗ ಅವಳು ರಿಮೋಟ್ ತೆಗೆದುಕೊಂಡು ನಾಲ್ಕನೆಯ ಸಿನಿಮಾ ಹಚ್ಚಿದಳು. ವೈರು ಬಿದ್ದಲ್ಲೇ ಇತ್ತು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನೂ ತೆಗೆದಳು. ಅವ್ವನ ಕಡೆ ಮುಖ ಮಾಡಿ, “ಈಗ ನೀ ಹೇಳು ನನಗ,” ಎಂದಳು.

ಅದು ಒಂದು ಹಳೆಯ ಹೋಟೆಲಿನ ಅಡುಗೆಮನೆ. ಇಬ್ಬರು ಅಕ್ಕತಂಗಿಯರು, ಒಬ್ಬ ಮುದುಕ. ಬಾಯಿಗಳು ಆಡುತ್ತಿದ್ದವು. ಪ್ರತಿಮಾಳಿಗೆ ಐದು ನಿಮಿಷಕ್ಕೇ ತಲೆ ಗಿಮ್ಮೆಂದಿತು, ಯಾರು ಯಾಕೆ ಸಿಟ್ಟಾದರು, ಯಾರು ಯಾಕೆ ಅತ್ತರು ಒಂದೂ ಹತ್ತಲಿಲ್ಲ. ಅವ್ವ ಮೊದಮೊದಲು ಅಳುಕುತ್ತ, ಆಮೇಲೆ ಹುರುಪಿನಿಂದ ಹೇಳತೊಡಗಿದಳು.

“ಈ ಮುದುಕ ಅವರಪ್ಪ. ದೊಡ್ಡಾಕಿಗೆ ಮೈಯಾಗ ಆರಾಮಿಲ್ಲ, ಸಣ್ಣಾಕಿ ಮುಂದ ಮುಚ್ಚಿಟ್ಟಾಳ. ನೋಡು, ನಕ್ಕೋತ ಇಲ್ಲ ಅಂದ್ಳು. ಬಾಯಿ ಒಂದ ಹೇಳತೈತಿ, ಗಲ್ಲ ಒಂದ ಹೇಳತೈತಿ. ಸಣ್ಣಾಕಿಗೆ ಸಂಶೆ ಬಂತು. ಈಗ ಬಾಂಡೇ ಒಗೀತಾಳ ನೋಡು.”

ಸಣ್ಣಾಕೆ ಪಾತ್ರೆ ಎತ್ತಿ ಎಸೆದಳು. ತಾಯಿ ಮಗಳು ಇಬ್ಬರೂ ನಕ್ಕರು.

ಮುಗಿದ ಮೇಲೆ ಪ್ರತಿಮಾ ಇಂಗ್ಲಿಷ್ ಸಾಲು ಹಾಕಿಕೊಂಡು ಅಲ್ಲಲ್ಲಿ ತಿರುಗಿಸಿ ನೋಡಿದಳು. ದೊಡ್ಡಾಕೆಯ ಕಾಯಿಲೆ ಖರೆ. ಮುಚ್ಚಿಟ್ಟದ್ದೂ ಖರೆ. ಆದರೆ ಮುದುಕ ಅಪ್ಪನಲ್ಲ, ಕಟ್ಟಡದ ಮಾಲಕ. ಇನ್ನೊಂದೆರಡು ಕಡೆಯೂ ಅವ್ವ ಅಂದಾಜಿಗೆ ಹೇಳಿದ್ದು ತಪ್ಪಿತ್ತು. ಪ್ರತಿಮಾಳಿಗೆ ಒಂದು ಅಂಜಿಕೆ ಹುಟ್ಟಿತು. ಅದನ್ನು ಮುಚ್ಚಿಡದೆ ಕೇಳಿಯೇಬಿಟ್ಟಳು.

“ಇಲ್ಲಿ ತಪ್ಪಿದಂಗ ಅಲ್ಲೂ ತಪ್ಪಿದ್ರ? ಸಾವಕಾರ ಖರೇನ ಬಂದ್ ಮಾಡು ಅಂದಿದ್ರ?”

ಅವ್ವನಿಗೆ ಸಿಟ್ಟು ಬರಲಿಲ್ಲ.

“ಇವರು ಆಡೂದು ಯಾವ ಭಾಷಾನೋ. ಇವರ ಮಾರಿ ಅಷ್ಟ ಓದಿದೆ, ಮಾತ ಓದಲಿಲ್ಲ. ಸಾವಕಾರ ಆಡೂದು ನನ್ನ ಭಾಷಾ. ಅವನ ಬಾಯಿ ಹದಿನಾರ ವರ್ಷ ನೋಡೀನಿ. ಪಗಾರ ನಾಳಿ ಅಂದದ್ದು, ಸೂಟಿ ಇಲ್ಲಾ ಅಂದದ್ದು, ಎಲ್ಲಾ ಅದ ಬಾಯಿಲೆ. ಮೇನ್ ಮುಟ್ಟಬ್ಯಾಡಲೇ, ಎಳಿ ಹರೀತಾವ ಅಂದಾ. ತಪ್ಪಿಲ್ಲ ತಂಗಿ.”

ನಾಲ್ಕು ಗಂಟೆಯ ಸುಮಾರಿಗೆ ಸೋಮವ್ವ ಚಿಮ್ಮಡದಿಂದ ಆಟೋದಲ್ಲಿ ಬಂದಳು. ಕೈ ಹೋದಮೇಲೆ ಅಣ್ಣನ ಮನೆ ಸೇರಿದ್ದಳು. ನಾಳೆ ಎಲ್ಲರೂ ಕೂಡಿಯೇ ಬಸ್ಸು ಹತ್ತುವುದೆಂದು ಮಾತಾಗಿತ್ತು. ಓಣಿಯ ಆ ತುದಿಯಲ್ಲಿ ಆಟೋ ಇಳಿದವಳನ್ನು ಮಾದೇವಿ ಕಟ್ಟೆಯ ಮೇಲಿಂದ ನೋಡಿದಳು. ಇಬ್ಬರ ನಡುವೆ ಹತ್ತು ಮನೆ. ಇಬ್ಬರೂ ನಿಂತಲ್ಲೇ ಮಾತು ಸುರು ಮಾಡಿದರು. ಧ್ವನಿ ಇಲ್ಲ. ತುಟಿ, ಹುಬ್ಬು, ಗಲ್ಲ ಅಷ್ಟೇ. ಸೋಮವ್ವ ಏನೋ ಅಂದಳು, ಅವ್ವ ತಲೆಯಾಡಿಸಿ ಏನೋ ಅಂದಳು, ಸೋಮವ್ವ ಉಳಿದ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪ್ರತಿಮಾ ಹುಟ್ಟಿದಾಗಿನಿಂದ ನೋಡಿದ ದೃಶ್ಯ ಅದು. ನೇಕಾರ ಹೆಂಗಸರು ಹಾಗೇ ಎಂದು ಬಿಟ್ಟಿದ್ದಳು.

“ಏನಂದ್ಳು?” ಎಂದು ಅವ್ವನ ಮುಂದೆ ಬಂದು ಕೇಳಿದಳು.

“ನಾಳಿ ಹಸರ ಸೀರಿ ಉಟಗೋತೀನಿ, ಕೋರ್ಟಿನಾಗಿನ ಟೇಬಲ್ ಮ್ಯಾಲಿನ ಹಸರ ಅರಿವಿಗೆ ಮ್ಯಾಚ್ ಆಕೈತಿ ಅಂದ್ಳು.”

ಹತ್ತಿರ ಬಂದ ಸೋಮವ್ವನಿಗೆ ಪ್ರತಿಮಾ ಅದನ್ನೇ ಕೇಳಿದಳು. ಅಕ್ಷರ ಬಿಡದೆ ಅದೇ ಹೇಳಿದಳು. ಅವ್ವನ ಕಿವಿಯ ಸಂಗತಿ ನಿನಗೆ ಗೊತ್ತಿತ್ತೇ ಎಂದು ಕೇಳಿದರೆ ಸೋಮವ್ವ ಅವಳನ್ನೇ ವಿಚಿತ್ರವಾಗಿ ನೋಡಿದಳು.

“ಶೆಡ್ಡಿನ್ಯಾಗ ಯಾರಿಗಿ ಗೊತ್ತಿಲ್ಲವ್ವಾ? ನನಗೂ ಅರ್ಧಾ ಹೋಗೇತಿ. ನಿಮ್ಮಂಥಾ ಓದಿದವ್ರಿಗೆ ಗೊತ್ತಿಲ್ಲ ಅಷ್ಟ.”

ಚಹಾ ಕುಡಿಯುತ್ತ ಮಾದೇವಿ ತಾನು ಕೋರ್ಟಿನಲ್ಲಿ ನೆನಪಿಲ್ಲ ಅನ್ನಬೇಕೆಂದಿದ್ದದ್ದನ್ನು ಸೋಮವ್ವನ ಮುಂದೆ ತಾನೇ ಹೇಳಿದಳು. ಸೋಮವ್ವ ಬೈಯಲಿಲ್ಲ. ಕಪ್ಪು ಕೆಳಗಿಟ್ಟು, “ನಾ ಈ ಮೋಟಗೈ ಸೆರಗಿನಾಗ ಮುಚಗೊಂಡ ವರ್ಷಗಟ್ಟಲೆ ತಿರಗೀನಿ ಮಾದೇವಿ. ಕೋರ್ಟಿನ್ಯಾಗ ತಗದ ತೋರಸ್ರಿ ಅಂದ್ರು. ತಗದೆ. ಸಾಯಲಿಲ್ಲ,” ಎಂದಳು.

ಅವ್ವ ಕಪ್ಪುಗಳನ್ನು ತೊಳೆದಿಟ್ಟು ಬಂದಳು. ಆಮೇಲೆ ಮಗಳಿಗೆ, “ವಕೀಲಪ್ಪಗ ಫೋನ್ ಹಚ್ಚು. ಇದ್ದದ್ದು ಹೇಳು,” ಎಂದಳು.

ಪ್ರತಿಮಾ ಫೋನಿನಲ್ಲಿ ಹೇಳಿದ್ದನ್ನು ಪರಮಾನಂದ ಪೂರ್ತಿ ಕೇಳಿಸಿಕೊಂಡ. “ಹೇಳಿಕಿಯಾಗ ಕಿವಿಯಾರೆ ಅಂತ ಐತಲ್ರೀ ಪ್ರತಿಮಾ. ಅದನ್ನ ಹಿಡಕೊಂಡ ಜಗ್ಗತಾರ ಅವ್ರು. ಕೇಸ್ ನಿಂದರತೈತಿ ಅಂತ ನಾ ಮಾತ ಕೊಡೂದುಲ್ಲ. ಆದ್ರ ಖರೆ ಹೇಳೂದಾದ್ರ ಅವ್ರು ಕೇಳೂಕಿಂತ ಮೊದಲ ನಿಮ್ಮ ಅವ್ವಾರೇ ಹೇಳಬೇಕು,” ಎಂದ.

ಸೋಮವಾರ ಜಮಖಂಡಿ ಕೋರ್ಟಿನಲ್ಲಿ ಹಾಗೆ ಆಗಲಿಲ್ಲ. ಸರ್ಕಾರಿ ವಕೀಲರಿಗೆ ಅಂದು ಹನ್ನೊಂದು ಕೇಸಿದ್ದವು. ಮಾದೇವಿಗೆ ಮೂರು ಪ್ರಶ್ನೆ ಕೇಳಿದರು: ಎಲ್ಲಿ ನಿಂತಿದ್ದಿರಿ, ಏನಾಯಿತು, ಸಾವಕಾರರು ಏನೆಂದರು. ಅವಳು ಹೇಳಿದಳು. ಹೇಗೆ ಗೊತ್ತಾಯಿತು ಎಂದು ಕೇಳದೆಯೇ ಕೂತುಬಿಟ್ಟರು. ಪರಮಾನಂದ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಲು ಹೋದ, ಅಷ್ಟರಲ್ಲಿ ಸಾವಕಾರರ ವಕೀಲರು ಎದ್ದರು.

ಪ್ರತಿಮಾ ಹಿಂದಿನ ಬೆಂಚಿನಲ್ಲಿ ಸೋಮವ್ವನ ಪಕ್ಕ ಕೂತಿದ್ದಳು. ಅವರ ಬಲಕ್ಕೆ, ಆರೋಪಿಗಳು ನಿಲ್ಲುವ ಜಾಗದಲ್ಲಿ ಬಸವಕುಮಾರ ಸಾವಕಾರರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತು, ಕಟಾಂಜನದ ಈಚೆ ನಿಂತಿದ್ದ ತಮ್ಮ ಮನುಷ್ಯನ ಜೊತೆ ಪಿಸುಮಾತಾಡುತ್ತಿದ್ದರು.

ಸಾವಕಾರರ ವಕೀಲರು ಪೊಲೀಸ್ ಹೇಳಿಕೆಯ ಹಾಳೆಯನ್ನು ಮುಖದ ಮಟ್ಟಕ್ಕೆ ಹಿಡಿದು, ಅದರ ಹಿಂದಿನಿಂದಲೇ ಪ್ರಶ್ನೆ ಕೇಳಿದರು. ಇಪ್ಪತ್ತನಾಲ್ಕು ಮಗ್ಗ ನಡೆಯುವಾಗ ಪಕ್ಕದವರ ಮಾತೂ ಕೇಳುವುದಿಲ್ಲ ಎಂದರೆ ಸರಿಯೇ?

ಮಾದೇವಿ ಉತ್ತರಿಸಲಿಲ್ಲ. ಹಾಳೆಯನ್ನೇ ನೋಡುತ್ತ ನಿಂತಳು.

ವಕೀಲರು ಇನ್ನೊಮ್ಮೆ ಕೇಳಿದರು. ಹಾಳೆ ಇನ್ನೂ ಮೇಲೆಯೇ ಇತ್ತು. “ಸಾಕ್ಷಿದಾರರಿಗೆ ಉತ್ತರ ಇಲ್ಲ ಸ್ವಾಮಿ, ಹಾಗಂತ ಬರೆದುಕೊಳ್ಳಬೇಕು,” ಎಂದು ನ್ಯಾಯಾಧೀಶರ ಕಡೆ ತಿರುಗಿದರು. ಯಾರೋ ಸಣ್ಣಗೆ ನಕ್ಕರು. ಪ್ರತಿಮಾ ಎದ್ದೇಬಿಡುತ್ತಿದ್ದಳು, ಸೋಮವ್ವ ಎಡಗೈಯಿಂದ ಅವಳ ಸೆರಗು ಹಿಡಿದು ಕೂಡಿಸಿದಳು.

ಮಾದೇವಿ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಶೆಡ್ಡಿನಲ್ಲಿ ಮಾತಾಡಿ ಮಾತಾಡಿ ರೂಢಿಯಾದ ಅವಳ ದನಿ ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತವರಿಗೂ ಕೇಳುವಂತಿತ್ತು.

“ಸಾಹೇಬ್ರ, ಆ ಹಾಳಿ ಬಾಯಿಮುಂದಿಂದ ತಗೀರಿ. ನನಗ ಎರಡೂ ಕಿವಿ ಕೇಳೂದುಲ್ಲ. ಇವರ ಶೆಡ್ಡಿನ್ಯಾಗ ಹೋಗ್ಯಾವ. ನಿಮ್ಮ ಬಾಯಿ ಕಂಡ್ರ ಏನ ಕೇಳಿದ್ರೂ ಉತ್ತರಾ ಕೊಡ್ತೀನಿ. ಅವತ್ತ ಇವರ ಬಾಯಿ ನನಗ ಕಂಡೈತಿ.”

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. ಬೆರಳಚ್ಚಿನವನ ಕೈ ನಿಂತಿತು. ವಕೀಲರ ಹಾಳೆ ಮೆಲ್ಲಗೆ ಎದೆಯ ಮಟ್ಟಕ್ಕೆ ಇಳಿಯಿತು. ಅವರು ಏನು ಕೇಳಬೇಕೆಂದು ಹುಡುಕುತ್ತಿದ್ದಾಗ, ಮಾದೇವಿಯ ಕಣ್ಣು ಅವರನ್ನು ದಾಟಿ ಹಿಂದಕ್ಕೆ ಹೋಯಿತು.

ಪ್ರತಿಮಾ ಆ ಕಡೆ ತಿರುಗಿದಳು. ತಮ್ಮ ಮನುಷ್ಯನ ಜೊತೆ ಪಿಸುಗುಡುತ್ತಿದ್ದ ಬಸವಕುಮಾರ ಸಾವಕಾರರು ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಕೈ ಎತ್ತಿ ಬಾಯಿ ಮುಚ್ಚಿಕೊಂಡರು.